ಗೈರುಹಾಜರಿಯ ಸಾಲು

ನನ್ನ ಅಕ್ಕ ಒಂದು ಶಾಲೆಯ ಕಕ್ಕಸು ತೊಳೆಯುತ್ತಿದ್ದಳು. ಆ ಶಾಲೆಯ ಸಭಾಂಗಣದ ಗೋಡೆಯ ಮೇಲೆ ಈಗ ಅವಳ ಕೈಬರಹ ತೂಗುತ್ತಿದೆ. ಕೆಳಗೆ ಬೇರೆಯವರ ಹೆಸರಿದೆ.

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವಳು. ಆದ್ದರಿಂದ ಒಂದು ಮಾತು ಮೊದಲೇ ಹೇಳಬೇಕು. ಶಾಲೆಯ ಕಚೇರಿಯಲ್ಲಿ ಮತ್ತು ಸಭೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೂ ಹಿಂದಿನದನ್ನು ಅಕ್ಕನಿಂದ ಕೇಳಿದ್ದೇನೆ, ಅಮ್ಮ ಬದುಕಿದ್ದಾಗ ಅವಳಿಂದಲೂ ಕೇಳಿದ್ದೇನೆ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಸಿಟ್ಟಿನಲ್ಲಿ ಹೇಳಿದ್ದು ಒಂದೇ ಆಗಿತ್ತು.

ನಮ್ಮದು ಚರಂಡಿ ಬಳಿಯುವವರ ಓಣಿ. ಅಲ್ಲಿಂದ ಆ ಶಾಲೆಯ ಏಳನೇ ತರಗತಿಯ ಬಾಗಿಲು ಕಂಡ ಮೊದಲ ಹುಡುಗಿ ಅಕ್ಕ. ಅವಳ ಅಕ್ಷರ ಚೆನ್ನಾಗಿತ್ತು. ಯಾರೂ ಕಲಿಸಿದ್ದಲ್ಲ. ಸ್ಲೇಟಿರಲಿ, ನೆಲವಿರಲಿ, ಒದ್ದೆ ಗೋಡೆಯಿರಲಿ, ಎಲ್ಲಿ ಬರೆದರೂ ದುಂಡಗೆ ಬರುತ್ತಿತ್ತು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೂ ಪಕ್ಕದ ಮನೆಯ ಹುಡುಗನ ಸ್ಲೇಟನ್ನೂ ಅಕ್ಕನ ಸ್ಲೇಟನ್ನೂ ಜೊತೆಗಿಟ್ಟು ನೋಡಿ, "ಇವು ಕೂತಿವೆ, ಅವು ಓಡ್ತಿವೆ" ಎನ್ನುತ್ತಿದ್ದಳು.

ಆಗಿನ ಮುಖ್ಯೋಪಾಧ್ಯಾಯರ ಕೈ ನಡುಗುತ್ತಿತ್ತು. ಅದನ್ನು ಅವರು ಮೇಲಿನವರಿಗೆ ಹೇಳಿರಲಿಲ್ಲ. ಶಾಲೆಯ ಪುಸ್ತಕಗಳು ಓದಲು ಬರುವುದಿಲ್ಲವೆಂದು ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಷರಾ ಬರೆದು ಹೋದರು. ಇನ್ನೊಂದು ಷರಾ ಬಿದ್ದರೆ ಕೆಲಸಕ್ಕೇ ಕುತ್ತು. ಅವರು ಅಕ್ಕನನ್ನು ಕರೆದರು. ಏಳನೇ ತರಗತಿಯ ಪಕ್ಕದಲ್ಲಿ ಉಗ್ರಾಣದ ಕೋಣೆಯಿತ್ತು. ಮುರಿದ ಬೆಂಚು, ಭೂಪಟದ ಕೋಲು, ಸುಣ್ಣದ ಡಬ್ಬಿ. ಅವಳನ್ನು ಅಲ್ಲಿ ನೆಲದ ಮೇಲೆ ಕೂರಿಸಿದರು. ಮುಂದೆ ಒಂದು ಹಲಗೆ, ಮಸಿಕುಡಿಕೆ, ನಿಬ್ಬಿನ ಪೆನ್ನು. ದಾಖಲಾತಿ, ಹಾಜರಿ, ಫಲಿತಾಂಶ, ವರ್ಗಾವಣೆ ಪತ್ರದ ಪ್ರತಿ, ಎಲ್ಲವನ್ನೂ ಚೀಟಿ ನೋಡಿ ಶುದ್ಧ ಪ್ರತಿ ಮಾಡುವುದು ಅವಳ ಕೆಲಸ. ಚರಂಡಿ ಓಣಿಯ ಹುಡುಗಿ ಶಾಲೆಯ ಪುಸ್ತಕ ಮುಟ್ಟುವುದು ಯಾರ ಕಣ್ಣಿಗೂ ಬೀಳಬಾರದು. ಅದಕ್ಕೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಉದ್ದ ಗಂಟೆ ಹೊಡೆದಾಗ ಮುಖ್ಯೋಪಾಧ್ಯಾಯರ ಮಗ ಬಂದು ಚಿಲಕ ತೆಗೆಯುತ್ತಿದ್ದ. ಅವನೂ ಅದೇ ಶಾಲೆಯಲ್ಲಿ ಓದುತ್ತಿದ್ದ. ಅಕ್ಕನಿಗಿಂತ ಚಿಕ್ಕವನು.

ಗೋಡೆಯಾಚೆ ಅವಳ ತರಗತಿ ನಡೆಯುತ್ತಿತ್ತು. ಪಾಠ ಕೇಳಿಸುತ್ತಿತ್ತು. ಹಾಜರಿ ಕರೆಯುವುದೂ ಕೇಳಿಸುತ್ತಿತ್ತು. ಒಂದೊಂದೇ ಹೆಸರು ಬಂದು ಅವಳ ಹೆಸರು ಬರುತ್ತಿತ್ತು. ಆಗ ಅವಳು ಬಾಯಿ ಬಿಗಿಹಿಡಿದು ಕೂರಬೇಕು. "ಬಂದಿಲ್ಲ ಸಾರ್" ಎಂದು ಯಾರಾದರೂ ಕೂಗುತ್ತಿದ್ದರು. ಬಂದವರಿಗೆ ಹಾ, ಬಾರದವರಿಗೆ ಗೈ. ಸಂಜೆ ಆ ಚೀಟಿ ಅವಳ ಹಲಗೆಗೆ ಬರುತ್ತಿತ್ತು. ತನ್ನ ಹೆಸರಿನ ಮುಂದೆ ತಾನೇ ಗೈ ಬರೆಯುತ್ತಿದ್ದಳು.

ಮೊದಲ ತಿಂಗಳು ಅವಳು ಹಾ ಎಂದೇ ಬರೆದಳು. ಶಾಲೆಗೆ ಬಂದಿದ್ದಳಲ್ಲ. ಮುಖ್ಯೋಪಾಧ್ಯಾಯರು ರುಜು ಹಾಕುವಾಗ ನೋಡಿದರು. ಅಡ್ಡಪಟ್ಟಿಯ ಅಂಚಿನಿಂದ ಬೆರಳಿನ ಗೆಣ್ಣುಗಳ ಮೇಲೆ ಹೊಡೆದರು. "ಸುಳ್ಳು ಲೆಕ್ಕ ಬರೀತೀಯಾ? ತರಗತೀಲಿ ಇಲ್ಲದೋಳು ಹಾಜರ್ ಹೆಂಗಾಗ್ತೀಯಾ?" ಇಡೀ ಹಾಳೆಯನ್ನು ಹೊಸದಾಗಿ ಬರೆಸಿದರು. ಊದಿದ ಬೆರಳಲ್ಲಿ ಬರೆದಳು. ಆ ಹಾಳೆಯೂ ಚೆನ್ನಾಗಿಯೇ ಬಂತಂತೆ.

ವರ್ಷದ ಕೊನೆಗೆ ಹಾಜರಾತಿ ಸಾಲಲಿಲ್ಲ. ಪರೀಕ್ಷೆಗೆ ಕೂರಿಸಲಿಲ್ಲ. 'ಅನುತ್ತೀರ್ಣ' ಎಂದು ಚೀಟಿ ಬಂತು, ಅಕ್ಕ ಶುದ್ಧ ಪ್ರತಿ ಮಾಡಿದಳು. ಅಮ್ಮ ಹೋಗಿ ಶಾಲೆಯ ಮೆಟ್ಟಿಲ ಕೆಳಗೆ ನಿಂತಳು.

"ಸ್ವಾಮಿ, ಮಗು ದಿನಾ ಬಂದಿದೆ."

"ಪುಸ್ತಕದಲ್ಲಿ ಹಾಗಿಲ್ಲವಲ್ಲ."

"ಪುಸ್ತಕ ಬರೆದದ್ದೂ ಅದೇ ಅಲ್ವಾ ಸ್ವಾಮಿ?"

"ಹಾಗೆಲ್ಲ ಹೊರಗೆ ಮಾತಾಡಬಾರದು. ಮುಂದಿನ ವರ್ಷ ನೋಡೋಣ. ಇನ್ನೂ ಚೆನ್ನಾಗಿ ಬರೀಲಿ."

ಅಮ್ಮ ನಂಬಿದಳು. ಮನೆಗೆ ಬಂದು, "ಇನ್ನೂ ಚೆನ್ನಾಗಿ ಬರಿ, ಪಾಸ್ ಮಾಡ್ತಾರಂತೆ" ಎಂದಳು. ಅಕ್ಕ ಇನ್ನೂ ಚೆನ್ನಾಗಿ ಬರೆದಳು. ಇನ್ನೂ ಚೆನ್ನಾಗಿ ಬರೆದಷ್ಟೂ ಅವಳನ್ನು ಬಿಡುವುದು ಕಷ್ಟವಾಗುತ್ತ ಹೋಯಿತು. ಅಷ್ಟು ಸಣ್ಣ ಸಂಗತಿ ತಿಳಿಯಲು ನಮ್ಮ ಮನೆಗೆ ವರ್ಷಗಳೇ ಹಿಡಿದವು. ಅವಳ ಜೊತೆಯವರು ಪ್ರೌಢಶಾಲೆ ಸೇರಿದರು, ಅವರ ತಮ್ಮಂದಿರು ಏಳಕ್ಕೆ ಬಂದರು. ಅಕ್ಕ ಏಳನೆಯಲ್ಲೇ ಇದ್ದಳು. ನಾಲ್ಕನೇ ವರ್ಷವೂ ಅದೇ ಆದಾಗ ಅಮ್ಮ ಅವಳ ಕೈಗೆ ಪೊರಕೆ ಕೊಟ್ಟಳು.

ನಾನು ಆಗಿನ್ನೂ ಅಂಬೆಗಾಲಿಡುತ್ತಿದ್ದೆ. ನನ್ನನ್ನು ಅಮ್ಮ ಆ ಶಾಲೆಗೆ ಕಳಿಸಲಿಲ್ಲ. ಊರಾಚೆಯ ಬೇರೆ ಶಾಲೆಗೆ ನಡೆದು ಹೋದೆ. ಹೋಗುವ ಮೊದಲ ದಿನವೇ ಅಮ್ಮ ಬುದ್ಧಿ ಹೇಳಿದಳು. "ಓದೋದು ಓದು. ಬರೆಯೋದು ಮಾತ್ರ ಅಷ್ಟಕ್ಕಷ್ಟೇ ಇರ್ಲಿ." ನನ್ನ ಬರಹ ಇವತ್ತಿಗೂ ಕಾಗೆಕಾಲು ಗುಬ್ಬಿಕಾಲು. ಪ್ರತಿ ವರ್ಷ ಪಾಸಾದೆ.

ಅಕ್ಕನಿಗೆ ಅದೇ ಶಾಲೆಯಲ್ಲಿ ಗುಡಿಸುವ, ತೊಳೆಯುವ ಕೆಲಸ ಸಿಕ್ಕಿತು. ದಿನಗೂಲಿ. ಆಸಿಡ್ ಬಾಟಲಿ, ತೆಂಗಿನ ನಾರು, ಬಕೆಟ್ಟು. ಕೈಗವಸು ಕೇಳಿದಾಗ ಗುಮಾಸ್ತ, "ಮದುವಣಗಿತ್ತಿ ಕೈಯೇನಮ್ಮ ಅದು?" ಎಂದಿದ್ದ. ಮೊದಲು ಚರ್ಮ ಹೋಯಿತು. ಆಮೇಲೆ ಬೆರಳ ಸಂದು ಸೀಳಿತು. ಆಮೇಲೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಈಗ ಬಕೆಟ್ಟಿನ ಹಿಡಿಕೆ ಹಿಡಿಯಬಲ್ಲಳು, ಪೆನ್ನು ಹಿಡಿಯಲಾರಳು. ಸಂಬಳದ ದಿನ ಹೆಬ್ಬೆಟ್ಟು ಒತ್ತುತ್ತಿದ್ದಳು. ಹೆಬ್ಬೆರಳ ಗೆರೆಗಳೂ ಸವೆದಿವೆ, ಬರೀ ಮಸಿಯ ಮುದ್ದೆ ಬೀಳುತ್ತಿತ್ತು. ಹೊಸದಾಗಿ ಬಂದ ಮಾಸ್ತರುಗಳೆಲ್ಲ ಅವಳನ್ನು ಓದುಬರಹವಿಲ್ಲದವಳು ಎಂದೇ ತಿಳಿದಿದ್ದರು. ಅವಳೂ ತಿದ್ದಲು ಹೋಗಿರಲಿಲ್ಲ. "ಹೇಳಿ ಏನಾಗ್ಬೇಕು? ಕಕ್ಕಸು ನನ್ನ ಅಕ್ಷರ ನೋಡಿ ಬೆಳ್ಳಗಾಗುತ್ತಾ?"

ಈ ವರ್ಷ ಒಂದು ಆದೇಶ ಬಂತು. ಬಹುಕಾಲ ದುಡಿದ ದಿನಗೂಲಿಯವರನ್ನು ಕಾಯಂ ಮಾಡುತ್ತಾರೆ. ಕಾಯಂ ಆದರೆ ಮುಪ್ಪಿನಲ್ಲಿ ಪಿಂಚಣಿ. ಒಂದೇ ಷರತ್ತು. ಏಳನೇ ತರಗತಿ ಪಾಸಾಗಿರಬೇಕು. ಅಕ್ಕನಿಗೆ ನಿವೃತ್ತಿ ಹತ್ತಿರವಿತ್ತು. ಇನ್ನೊಂದು ಆದೇಶ ಬರುವವರೆಗೆ ಅವಳಿಗೆ ವಯಸ್ಸಿರಲಿಲ್ಲ.

ಅದೇ ಹೊತ್ತಿಗೆ ಶಾಲೆಗೆ ನೂರು ತುಂಬಿತು. ಉಗ್ರಾಣ ಖಾಲಿ ಮಾಡಲು ಅಕ್ಕನಿಗೇ ಹೇಳಿದರು. ಹಳೆಯ ಪುಸ್ತಕಗಳು ಗುಜರಿಗೆ ಹೋಗಬೇಕಿತ್ತು. ಅವಳು ಅವನ್ನು ಹೊತ್ತು ತಂದು, ಸೆರಗಿನಿಂದ ಧೂಳು ಒರೆಸಿ, ಮೆಟ್ಟಿಲ ಮೇಲೆ ಜೋಡಿಸಿಟ್ಟಿದ್ದಳು. ಶತಮಾನೋತ್ಸವಕ್ಕೆ ಗೋಡೆಯ ಮೇಲೆ ಚಿತ್ರ ಬರೆಯಲು ಒಬ್ಬ ಕಲಾವಿದೆ ಬಂದಿದ್ದರು. ಅವರು ಒಂದು ಪುಸ್ತಕ ತೆರೆದರು. ಮುಚ್ಚಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಆ ಕಸಾನಾ?" ಎಂದರು ಆಡಳಿತ ಮಂಡಳಿಯ ಅಧ್ಯಕ್ಷರು. ಹಿಂದಿನ ಮುಖ್ಯೋಪಾಧ್ಯಾಯರ ಮಗ. ಚಿಲಕ ತೆಗೆಯುತ್ತಿದ್ದ ಹುಡುಗ.

"ಕಸ ಅಲ್ಲ ಸರ್, ಇದು ಕಲೆ. ಯಾರ ಕೈಬರಹ ಇದು?"

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನೋಡಿದರು. ಪ್ರತಿ ಹಾಳೆಯ ಕೆಳಗೂ ಅಪ್ಪನ ನಡುಗುವ ರುಜು ಇತ್ತು. "ನಮ್ಮ ತಂದೆಯವರದ್ದು" ಎಂದರು.

ಇದನ್ನು ಅಕ್ಕ ಮನೆಗೆ ಬಂದು ಹೇಳಿದಳು. ನಾನು ಮರುದಿನವೇ ರಜೆ ಹಾಕಿ ಅವಳ ಜೊತೆ ಶಾಲೆಗೆ ಹೋದೆ. ಆಗ ಕಚೇರಿಯ ಮೇಜಿನ ಮೇಲೆ, ಶತಮಾನೋತ್ಸವದ ಪ್ರದರ್ಶನಕ್ಕೆ ಆರಿಸಲೆಂದು, ಹಾಳೆಗಳು ಹರಡಿದ್ದವು. ಅವನ್ನು ನಾನು ನೋಡಿದ್ದು ಅದೇ ಮೊದಲು.

ಚೆನ್ನಾಗಿದ್ದವು. ಅದನ್ನು ಮುಚ್ಚಿಡುವುದಿಲ್ಲ. ದಿನವಿಡೀ ಅಚ್ಚಿನ ಅಕ್ಷರ ನೋಡುವ ಕಣ್ಣು ನನ್ನದು, ಸುಲಭಕ್ಕೆ ಸೋಲುವುದಿಲ್ಲ. ಹೆಸರುಗಳ ಸಾಲು ಅಂಗಳದಲ್ಲಿ ಕೂತ ಮಕ್ಕಳ ಹಾಗಿತ್ತು. ಒತ್ತಿದಲ್ಲಿ ಮಸಿ ಕಪ್ಪಾಗಿ, ಎತ್ತಿದಲ್ಲಿ ಕಂದುಬಣ್ಣವಾಗಿ ಉಳಿದಿತ್ತು. ತಿಂಗಳ ಕೊನೆಗೆ ನಿಬ್ಬು ಸವೆದು ಗೆರೆ ದಪ್ಪವಾಗುತ್ತಿತ್ತು, ಹೊಸ ತಿಂಗಳಿಗೆ ಮತ್ತೆ ಸಣ್ಣಗಾಗುತ್ತಿತ್ತು. ಎಲ್ಲಕ್ಕಿಂತ ಕಣ್ಣು ಸೆಳೆಯುತ್ತಿದ್ದುದು ಒಂದು ಸಾಲು. ಉಳಿದವರ ಸಾಲಿನಲ್ಲಿ ಹಾ ಹಾ ಹಾ, ನಡುವೆ ಎಲ್ಲೋ ಒಂದು ಗೈ. ಈ ಸಾಲಿನಲ್ಲಿ ಮಾತ್ರ ಈ ಅಂಚಿನಿಂದ ಆ ಅಂಚಿನವರೆಗೆ ಗೈ ಗೈ ಗೈ. ಒಂದೇ ಅಳತೆ, ಒಂದೇ ಬಾಗು.

"ಇದನ್ನು ನೋಡಿ," ಎಂದರು ಕಲಾವಿದೆ, ಆ ಸಾಲಿನ ಮೇಲೆ ಬೆರಳಾಡಿಸುತ್ತ. "ಎಷ್ಟು ಶಾಂತವಾಗಿದೆ. ಬರೆಯುವಾಗ ಅವರು ಧ್ಯಾನದಲ್ಲಿ ಇದ್ದಿರಬೇಕು."

ಬಾಗಿಲ ಬಳಿ ನಿಂತಿದ್ದ ಅಕ್ಕ ಬಾಯಿ ಬಿಟ್ಟಳು. "ಇಲ್ಲಮ್ಮ. ಒಂದಕ್ಕೆ ಬಂದಿರ್ತಿತ್ತು. ಚಿಲಕ ಹಾಕಿರ್ತಿದ್ರು. ತಡಕೊಂಡು ಬರೀತಿದ್ದೆ."

ಕಲಾವಿದೆಗೆ ಅರ್ಥವಾಗಲಿಲ್ಲ. ಅಧ್ಯಕ್ಷರಿಗೆ ಆಯಿತು.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಇದು ಇವಳ ಬರಹ. ಈ ಸಾಲು ಇವಳದೇ ಗೈರುಹಾಜರಿ. ಅದನ್ನು ಬರೆಯುವಾಗ ಇವಳು ಇದೇ ಶಾಲೆಯಲ್ಲಿ, ಪಕ್ಕದ ಕೋಣೆಯಲ್ಲಿ ಇದ್ದಳು. ಹೆಸರು ಹಾಕುವುದು ಬಿಡುವುದು ಆಮೇಲಿನ ಮಾತು. ಇವಳು ಶಾಲೆಗೆ ಬಂದಿದ್ದಳು, ಹಾಜರಿ ತಪ್ಪು ಬರೆಸಿದ್ದರಿಂದಲೇ ಅನುತ್ತೀರ್ಣಳಾದಳು ಎಂದು ಮಂಡಳಿ ಒಂದು ಪತ್ರ ಕೊಟ್ಟರೆ, ವಿನಾಯಿತಿ ಕೇಳಿ ಕಾಯಂ ಅರ್ಜಿ ಮುಂದೆ ಹೋಗುತ್ತದೆ.

"ಏನಮ್ಮಾ ಹೆಬ್ಬೆಟ್ಟು," ಎಂದ ಗುಮಾಸ್ತ, ನಗು ತಡೆಯದೆ. "ಮೊನ್ನೆ ತಾನೇ ನನ್ನ ಪುಸ್ತಕದಲ್ಲಿ ಮಸಿ ಮೆತ್ತಿ ಹೋದೆ. ಈಗ ಇಷ್ಟೆಲ್ಲ ನೀನೇ ಬರೆದ್ಯಾ?"

ಅಕ್ಕ ಅವನ ಕಡೆ ನೋಡಲಿಲ್ಲ. "ಚಿಕ್ಕವರೇ," ಎಂದಳು ಅಧ್ಯಕ್ಷರಿಗೆ. ಹಿಂದೆ ಅವರನ್ನು ಹಾಗೇ ಕರೆಯುತ್ತಿದ್ದಳಂತೆ. "ನೀವೇ ಚಿಲಕ ತೆಗೀತಿದ್ರಲ್ಲ. ಒಂದ್ಸಲ ನನ್ನ ಮಸಿಕುಡಿಕೆ ಒದ್ದು ಅಪ್ಪನ ಹತ್ರ ಹೇಳ್ಬೇಡ ಅಂತ ಅತ್ತಿರಲಿಲ್ವಾ? ನಾನು ಹೇಳ್ಲಿಲ್ಲ."

ಅಧ್ಯಕ್ಷರು ಮೇಜಿನ ಮೇಲಿನ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದರು. "ನನಗೆ ನೆನಪಿಲ್ಲ" ಎಂದರು. ಆಮೇಲೆ ನ್ಯಾಯ ಹೇಳುವವರ ಹಾಗೆ ಒಂದು ಹಾಳೆ, ಒಂದು ಪೆನ್ನು ಮುಂದಕ್ಕೆ ತಳ್ಳಿದರು. "ಸರಿ. ಬರೆದು ತೋರಿಸು."

ಅಕ್ಕ ಹಾಳೆ ತೆಗೆದುಕೊಂಡು ನೆಲದ ಮೇಲೆ ಕುಳಿತಳು. ಕುರ್ಚಿಯಿತ್ತು, ಕುಳಿತು ಅಭ್ಯಾಸವಿರಲಿಲ್ಲ. ಪೆನ್ನನ್ನು ಎಡಗೈಯಿಂದ ಎತ್ತಿ ಬಲಗೈಯ ಮಡಚಿದ ಬೆರಳುಗಳೊಳಗೆ ತುರುಕಿದಳು. ಜಾರಿತು. ಮತ್ತೆ ತುರುಕಿದಳು. ಮುಷ್ಟಿಯಲ್ಲಿ ಹಿಡಿದು ಒಂದು ಗೆರೆ ಎಳೆದಳು. ಗೆರೆ ನಡುಗುತ್ತ ಹೋಗಿ ಹಾಳೆಯನ್ನು ಹರಿಯಿತು. ಅವಳ ಕಿವಿ, ಕತ್ತು ಕೆಂಪಾಗಿ ಬೆವರಿದವು. ಗಂಡಸರ ಕಕ್ಕಸು ತೊಳೆಯುವಾಗ ಬಾಗಿಲಲ್ಲಿ ನಿಂತು ಆಡಿಕೊಂಡವರ ಮುಂದೆಯೂ ಅವಳು ಅಷ್ಟು ಕುಗ್ಗಿದ್ದನ್ನು ನಾನು ನೋಡಿಲ್ಲ.

"ಸಾಕು ಬಿಡಿ" ಎಂದರು ಕಲಾವಿದೆ ಮೆಲ್ಲಗೆ. ಅವರು ಕಿಟಕಿಯ ಕಡೆ ತಿರುಗಿಕೊಂಡಿದ್ದರು.

"ಮತ್ತೆ ಈ ಪುಸ್ತಕ ಈಗ ಪರಂಪರೆ," ಎಂದರು ಅಧ್ಯಕ್ಷರು. "ಇದರಲ್ಲಿ ಏನಿದೆಯೋ ಅದೇ. ಇದಕ್ಕೆ ವಿರುದ್ಧವಾಗಿ ಪತ್ರ ಕೊಡೋಕೆ ಬರಲ್ಲ." ಹಿಂದಿನ ದಿನ ಮಧ್ಯಾಹ್ನದವರೆಗೆ ಅದು ಗುಜರಿಯಾಗಿತ್ತು.

ಪ್ರದರ್ಶನದ ಮುನ್ನುಡಿಯಾಗಿ ನಮ್ಮ ಪತ್ರಿಕೆಯಲ್ಲೇ ಚಿತ್ರ ಬಂತು. 'ಮುಖ್ಯೋಪಾಧ್ಯಾಯರ ಮುತ್ತಿನಂಥ ಹಸ್ತಾಕ್ಷರ' ಎಂಬ ಅಡಿಬರಹದ ಕರಡು ನನ್ನ ಮೇಜಿಗೇ ಬಂದದ್ದು. 'ತಪ್ಪು ಮಾಹಿತಿ, ಪರಿಶೀಲಿಸಿ' ಎಂದು ಅಂಚಿನಲ್ಲಿ ಬರೆದು ಕಳಿಸಿದೆ. ಉಪಸಂಪಾದಕರು ಕರೆದು, "ಆಧಾರ ಏನಿದೆ?" ಎಂದರು. ಅಕ್ಕ ಎಂದೆ. ಅವರು ನನ್ನ ಷರಾ ಹೊಡೆದುಹಾಕಿದರು. ಬೈಯಲಿಲ್ಲ. ಕಾಗುಣಿತ ಸರಿಯಿದೆಯಾ ನೋಡಿ ಎಂದರಷ್ಟೆ. ಸರಿಯಿತ್ತು.

ಸಮಾರಂಭದ ಬೆಳಿಗ್ಗೆ ಅಕ್ಕ ಬೇಗ ಹೋಗಿ ಸಭಾಂಗಣ ಒರೆಸಿದಳು, ಅತಿಥಿಗಳ ಕಕ್ಕಸು ತೊಳೆದಳು, ಚೌಕಟ್ಟುಗಳ ಗಾಜು ಉಜ್ಜಿದಳು. ಎದುರು ಗೋಡೆಯ ತುಂಬ ಆ ಸಾಲನ್ನು ಹಿಗ್ಗಿಸಿ ಹಾಕಿದ್ದರು. ಒಂದೊಂದು ಗೈ ಮೊಣಕೈ ಉದ್ದ. 'ಮೌನದ ಮುತ್ತುಗಳು' ಎಂದು ಹೆಸರಿಟ್ಟಿದ್ದರು. ಎಡಗಡೆ ಹೆಸರಿನ ಕಾಲಮ್ಮು ಇರಬೇಕಿತ್ತಲ್ಲ, ಅದನ್ನು ಕತ್ತರಿಸಿದ್ದರು. ಯಾಕೆಂದು ನಾನು ಕಲಾವಿದೆಯನ್ನೇ ಕೇಳಿದೆ. "ಹೆಸರು ಇದ್ದರೆ ಕಣ್ಣು ಅಲ್ಲೇ ನಿಲ್ಲುತ್ತೆ," ಎಂದರು. ಆಮೇಲೆ ನನ್ನ ಮುಖ ನೋಡಿ, "ನಾನು ನಿಮ್ಮಕ್ಕನಿಗೆ ಏನಾದರೂ ಮಾಡಿಸ್ತೀನಿ. ವೇದಿಕೆ ಮೇಲೆ ಕರೆಸ್ತೀನಿ" ಎಂದರು. ಕೆಟ್ಟವರಲ್ಲ. ಮಾಡಿಸಿಯೂ ಮಾಡಿಸಿದರು.

ಭಾಷಣಗಳಾದವು. ಹಿಂದಿನ ಕಾಲದ ಗುರುಗಳ ಶಿಸ್ತು, ಶ್ರದ್ಧೆ, ಅಕ್ಷರದ ಸಂಸ್ಕಾರ. ಕೊನೆಗೆ ಅಧ್ಯಕ್ಷರು ಮೈಕಿನ ಮುಂದೆ, "ನಮ್ಮ ಶಾಲೆಯನ್ನು ಇಷ್ಟು ವರ್ಷ ಶುಚಿಯಾಗಿಟ್ಟ ಆಯಾ ಒಬ್ಬಳಿದ್ದಾಳೆ. ಅವಳಿಗೂ ಈ ಸಂತೋಷದಲ್ಲಿ ಪಾಲಿರಲಿ" ಎಂದರು. ಅಕ್ಕ ಬಾಗಿಲ ಹಿಂದೆ ಬಕೆಟ್ಟಿನ ಪಕ್ಕ ನಿಂತಿದ್ದಳು. ಗುಮಾಸ್ತ ಕೈಸನ್ನೆ ಮಾಡಿ ಕರೆದ. ಸೀರೆಯ ಕೆಳಗಂಚು ಒದ್ದೆಯಾಗಿಯೇ ಇತ್ತು. ಹಾಗೇ ಮೆಟ್ಟಿಲು ಹತ್ತಿದಳು.

ಅಧ್ಯಕ್ಷರು ಎರಡೂ ಕೈಯಲ್ಲಿ ಒಂದು ಚೌಕಟ್ಟು ಹಿಡಿದು ಮುಂದೆ ಚಾಚಿದರು. ಗೋಡೆಯ ಮೇಲಿನ ಸಾಲೇ, ಸಣ್ಣದಾಗಿ. ಗಾಜು, ಚಿನ್ನದ ಬಣ್ಣದ ಅಂಚು. ಫೋಟೋದವನು ಮಂಡಿಯೂರಿ ಕಾದ.

ಅಕ್ಕ ಕೈ ಚಾಚಲಿಲ್ಲ.

"ತಗೋ ಅಮ್ಮಾ."

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬರೆ ಎಂದಾಗ ಬರೆದ, ತೊಳೆ ಎಂದಾಗ ತೊಳೆದ ಕೈ. ಅಲ್ಲಿಯವರೆಗೆ ಆ ಶಾಲೆಯಲ್ಲಿ ಏನು ಹೇಳಿದರೂ ಇಲ್ಲವೆನ್ನದಿದ್ದ ಕೈ.

"ಗೈರು ಅಂತ ಬರೆದಿದೆ ಇದರಲ್ಲಿ," ಎಂದಳು. ಮೈಕು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು. "ನಾನು ಬಂದಿದ್ದೆ. ಒಂದೇ ಒಂದು ಹಾ ಹಾಕ್ಕೊಡಿ. ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ."

ಯಾರೋ ನಕ್ಕರು. ತಮಾಷೆ ಎಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ನಗಲು ನೋಡಿದರು. ಚೌಕಟ್ಟು ಭಾರವಿತ್ತು. ಅವರ ತೋಳು ನಿಧಾನಕ್ಕೆ ಕೆಳಗಿಳಿಯಿತು.

"ಹೋಗ್ಲಿ, ಆಮೇಲೆ ಮಾತಾಡೋಣ. ಈಗ ಫೋಟೋಗೆ ಹಿಡ್ಕೋ."

"ಹಿಡಿಯಲ್ಲ."

"ಎಲ್ಲರ ಮುಂದೆ ಹೀಗೆಲ್ಲ ಮಾಡಬಾರದು."

"ಎಲ್ಲರ ಮುಂದೆ ಯಾವಾಗ ಕೂರಿಸಿದ್ರಿ ಚಿಕ್ಕವರೇ, ನಂಗೆ ಗೊತ್ತಾಗೋಕೆ? ಚಿಲಕದ ಒಳಗೇ ಕೂತಿದ್ನಲ್ಲ."

ಅವಳು ತಿರುಗಿ ಮೆಟ್ಟಿಲಿಳಿದಳು. ಗುಮಾಸ್ತ ಓಡಿ ಬಂದು ಚೌಕಟ್ಟನ್ನು ಅಧ್ಯಕ್ಷರ ಕೈಯಿಂದ ತೆಗೆದುಕೊಂಡ. ಕಲಾವಿದೆ ವೇದಿಕೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಎದ್ದು ಬರಲಿಲ್ಲ.

ನಾವು ಗೇಟು ದಾಟುವ ಮೊದಲೇ ಗುಮಾಸ್ತ ಬಂದ. ಈಗ ನಗುತ್ತಿರಲಿಲ್ಲ. ಅಕ್ಕನ ಕಾಯಂ ಅರ್ಜಿಯನ್ನು ವಾಪಸು ಕೊಟ್ಟ. 'ವಿದ್ಯಾರ್ಹತೆ ಇಲ್ಲ' ಎಂದು ಮೂಲೆಯಲ್ಲಿ ಗೀಚಿತ್ತು, ಅಡ್ಡಾದಿಡ್ಡಿ ಅಕ್ಷರ. "ನಾಳೆಯಿಂದ ಬರೋದು ಬೇಡ ಅಂದ್ರು" ಎಂದ. ಆಮೇಲೆ, "ನಾನೇನು ಮಾಡ್ಲಮ್ಮ" ಎಂದ. ಅಕ್ಕ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವನಿಗೆ ಕೊಟ್ಟಳು.

ಮನೆಗೆ ಬಂದು ನಾನು ನೀರು ಕಾಯಿಸಿದೆ. ಅವಳ ಕೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ದಿನಾ ಸಂಜೆ ಮಾಡುವುದೇ. ಅವಳು ಅಳಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ಅವರು ಯಾರೂ ಅಲ್ಲಿರಲಿಲ್ಲ.

"ಕೆಟ್ಟದಾಗಿ ಬರೆದಿದ್ರೆ ಓಡಿಸಿರೋರು," ಎಂದೆ. "ಹೋಗಿ ತರಗತೀಲಿ ಕೂತಿರ್ತಿದ್ದೆ. ಪಾಸಾಗ್ತಿದ್ದೆ. ಅಷ್ಟು ಹೊಳೀಲಿಲ್ವಾ ನಿಂಗೆ?"

"ಹೊಳೀತು ಕಣೇ. ಅಮ್ಮನೂ ಹೇಳಿದ್ಲು. ನಾಲ್ಕನೇ ವರ್ಷ. ಸೊಟ್ಟಪಟ್ಟ ಬರಿ, ಮಸಿ ಚೆಲ್ಲು, ಎರಡು ಬಿಗಿದು ಆಚೆ ಹಾಕ್ತಾನೆ, ಹಾಕ್ಲಿ ಅಂದ್ಲು."

"ಮತ್ತೆ?"

"ಅವತ್ತು ಅದೇ ಮನಸ್ಸಲ್ಲಿ ಕೂತೆ. ಮೊದಲ್ನೇ ಹೆಸರೇ ಹಾಳು ಮಾಡ್ಬೇಕು ಅಂತ. ಅದು ಯಾವುದೋ ಪುಟ್ಟ ಹುಡುಗೀದು, ಏಳಕ್ಕೆ ಹೊಸದಾಗಿ ಸೇರಿತ್ತು. ಅದರದ್ದೇನು ತಪ್ಪು? ಕೈ ಬರಲಿಲ್ಲ."

"ಎರಡನೇದು?"

"ಅದಕ್ಕೂ ಬರಲಿಲ್ಲ. ಹಂಗೇ ಕೆಳಗೆ ಬಂದುಬಿಟ್ಟೆ."

ನಾನು ಅವಳ ಕಿರುಬೆರಳು ಹಿಡಿದಿದ್ದೆ. ಅದು ಬಿಡಿಸಿಕೊಳ್ಳಲಿಲ್ಲ. "ನಿನ್ನ ಹೆಸರು ಬಂತಲ್ಲ? ಅದನ್ನಾದ್ರೂ ಕೆಡಿಸಬಹುದಿತ್ತಲ್ಲ ಅಕ್ಕ. ಅದು ನಿಂದೇ ಅಲ್ವಾ?"

ಅವಳು ನೀರನ್ನೇ ನೋಡುತ್ತಿದ್ದಳು.

"ಅದನ್ನ ಎಲ್ಲದಕ್ಕಿಂತ ಚೆನ್ನಾಗಿ ಬರೆದೆ," ಎಂದಳು. "ಅಲ್ಲಿ ಅದನ್ನ ಚೆನ್ನಾಗಿ ನೋಡ್ಕೊಳ್ಳೋರು ಬೇರೆ ಯಾರಿದ್ರೇ?"